ಎಂಟು ನಿಮಿಷ ಮುಂದಿದ್ದ ಬೋರ್ಡು

ಲ್ಯಾಪ್‌ಟಾಪಿಗೆ ಚುಚ್ಚಿದ್ದ ವೈಫೈ ಡಾಂಗಲ್‌ನ ನೀಲಿ ದೀಪ ಒಮ್ಮೆ ಮಿನುಗಿ ಆರಿಹೋಯಿತು. ರುಕ್ಸಾರ್ ಪರದೆ ನೋಡಿದಳು. ವಿಂಡೋಸ್‌ನ ಮೂಲೆಯಲ್ಲಿದ್ದ ವೈಫೈ ಗುರುತಿನ ಮೇಲೆ ಅಡ್ಡಗೆರೆ ಬಿದ್ದಿತ್ತು. ಅದರ ಪಕ್ಕದಲ್ಲೇ ತೆರೆದಿದ್ದ ಇನ್ನೊಂದು ವ್ಯವಸ್ಥೆ, ಲಿನಕ್ಸ್‌ನ ಕಪ್ಪು ಕಿಟಕಿ, ಏನೋ ಒಂದು ವಸ್ತು ಬಂದಿದೆ, ಅದು ಏನೆಂದು ತನಗೆ ಗೊತ್ತಿಲ್ಲ ಎನ್ನುತ್ತಿತ್ತು.

"ಹೋಯ್ತು," ಎಂದಳು.

ಮಹಡಿಯ ನೆರಳಿನಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದ ತಾಯಿ ಶಂಶುನ್ನೀಸಾ ತಲೆ ಎತ್ತಿದಳು. "ಏನು ಹೋಯ್ತು?"

"ನೆಟ್ಟು, ಅಮ್ಮೀ. ಈ ಡಾಂಗಲ್ ಒಂದೇ ಇರೋದು, ನನ್ನ ಫೋನಿನ ಇವತ್ತಿನ ಡೇಟಾನೂ ಮುಗಿದಿದೆ. ವಿಂಡೋಸ್ ಕೈಯಿಂದ ಕಿತ್ಕೊಂಡು ಲಿನಕ್ಸ್‌ಗೆ ಕೊಟ್ಟೆ. ಈಗ ಇದಕ್ಕೂ ಇಲ್ಲ, ಅದಕ್ಕೂ ಇಲ್ಲ."

ಶಂಶುನ್ನೀಸಾ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ನಮ್ಮ ಅತ್ತೆ ಮನೇಲಿ ಹಂಗೇ ಇತ್ತು. ನನಗೂ ನನ್ನ ಓರಗಿತ್ತಿಗೂ ಸೇರಿ ಒಂದೇ ಬುರ್ಖಾ. ಆಕೆ ಹಾಕ್ಕೊಂಡು ರಸೆಲ್ ಮಾರ್ಕೆಟ್‌ಗೆ ಹೋದ್ರೆ ನಾನು ಬಾಗಿಲಲ್ಲಿ ಕೂತ್ಕೊಂಡು ಕಾಯ್ಬೇಕು. ಆಕೆ ವಾಪಸ್ ಬಂದ್ರೇನೇ ನನ್ನ ಕಾಲು ಬೀದಿಗೆ."

"ಅದೇ ಕಥೆ. ಆದ್ರೆ ಬುರ್ಖಾ ಕೊಟ್ಟಿದ್ದಾಯ್ತು, ಈ ಲಿನಕ್ಸ್‌ಗೆ ಹಾಕ್ಕೊಳ್ಳೋಕೇ ಬರಲ್ಲ."

"ಕಲಿಸು."

"ಕಲಿಸೋ ಪುಸ್ತಕ ಬೀದಿ ಆಚೆ, ನೆಟ್ಟಲ್ಲೇ ಇದೆ. ತರೋಕೆ ಬುರ್ಖಾ ಬೇಕು."

ಹಗ್ಗದ ಮೇಲೆ ಅಂಗಿ ಒಣಹಾಕುತ್ತಿದ್ದ ಭೀಮಾಶಂಕರ ಜೋರಾಗಿ ನಕ್ಕ. ಅವನು ಸುರಪುರದ ಕಡೆಯವನು. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಹೆಂಡತಿ ಲಕ್ಷ್ಮಿದೇವಿಯೊಂದಿಗೆ ಐದು ವರ್ಷದಿಂದ ಬಾಡಿಗೆಗಿದ್ದ. ವೈರಿಂಗ್ ಕೆಲಸ ಅವನದು. ಭಾನುವಾರವಾದ್ದರಿಂದ ಮನೆಯಲ್ಲಿದ್ದ. "ನನ್ನ ಫೋನ್ ತಗೋ ತಂಗಿ. ವೈರ್ ಹಚ್ಚಿದ್ರ ಅದರಾಗಿಂದ ನೆಟ್ ಬರತದಲ್ಲ?" ಎಂದು ಒದ್ದೆ ಕೈ ಒರೆಸಿಕೊಂಡು ಫೋನ್ ಮುಂದಿಟ್ಟ. ಗಾಜು ಒಡೆದು ಅಂಟುಪಟ್ಟಿ ಹಚ್ಚಿದ ಹಳೆಯ ಫೋನು.

ಎದುರಿಗೆ, ಗಲ್ಲಿಯ ಆಚೆ ಬದಿಯಲ್ಲಿ ಮಸೀದಿಯ ಹೊರಗೋಡೆ. ಶಿವಾಜಿನಗರದ ಆ ಗಲ್ಲಿ ಎಷ್ಟು ಕಿರಿದೆಂದರೆ ಮಹಡಿಯಿಂದ ಕೈ ಚಾಚಿದರೆ ಗೋಡೆ ಸಿಕ್ಕೀತು ಅನ್ನಿಸುತ್ತಿತ್ತು. ಗೋಡೆಯ ಮೇಲೆ ಕಪ್ಪು ಬೋರ್ಡು. ಅದರಲ್ಲಿ ಕೆಂಪು ಅಂಕಿಗಳಲ್ಲಿ ಈಗಿನ ಸಮಯ, ಕೆಳಗೆ ಐದು ಸಾಲುಗಳಲ್ಲಿ ಐದು ಹೊತ್ತಿನ ನಮಾಜಿನ ವೇಳೆ. ಯಾವ ನಮಾಜಿನ ಹೊತ್ತಾಗುತ್ತದೋ ಆ ಸಾಲು ಹಸಿರಾಗುತ್ತದೆ. ನಾಲ್ಕು ವರ್ಷದ ಹಿಂದೆ ಅದನ್ನು ತಮ್ಮ ಕೈಯಾರೆ ಮಾಡಿ ಕೂರಿಸಿದವರು ರುಕ್ಸಾರಳ ತಂದೆ ಲತೀಫ್ ಸಾಹೇಬರು. ವಿಮಾನ ಕಾರ್ಖಾನೆಯ ರೇಡಿಯೋ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅದಕ್ಕೆ ಒಂದು ಗುಂಡಿಯನ್ನೂ ಇಟ್ಟಿರಲಿಲ್ಲ. ಹಿಂದೆ ಇದ್ದ ಗಡಿಯಾರವನ್ನು ಅಂಗಡಿಯವರು ತಂತಮ್ಮ ಅನುಕೂಲಕ್ಕೆ ಹಿಂದೆ ಮುಂದೆ ತಿರುಗಿಸುತ್ತಿದ್ದುದನ್ನು ನೋಡಿ ಬೇಸತ್ತಿದ್ದರು. ಈ ಬೋರ್ಡು ತನ್ನ ಸಮಯವನ್ನು ತಾನೇ ಗಾಳಿಯಿಂದ ತಂದುಕೊಳ್ಳಬೇಕು, ಯಾರ ಕೈಯೂ ತಾಗಬಾರದು ಎಂದು, ಅದಕ್ಕೆಂದೇ ಮಹಡಿಯಲ್ಲಿ ಬೇರೊಂದು ಪುಟ್ಟ ವೈಫೈ ಪೆಟ್ಟಿಗೆ ಇಟ್ಟು, ಅದರ ಹೆಸರು ಯಾರ ಫೋನಿನಲ್ಲೂ ಕಾಣದ ಹಾಗೆ ಮುಚ್ಚಿದ್ದರು. ಬೋರ್ಡಿನೊಳಗೆ ಮಳೆನೀರು ಇಳಿಯಬಾರದೆಂದು ಸುತ್ತ ಎಂ-ಸೀಲ್ ತುಂಬಿದ್ದರು. ಬಿಚ್ಚಲು ಹೋದರೆ ಒಡೆಯುತ್ತದೆ.

ಹೋದ ಮಳೆಗಾಲದಲ್ಲಿ ಲತೀಫ್ ಸಾಹೇಬರು ಮಣ್ಣಿಗೆ ಸೇರಿದರು. ಅದಾದ ಎರಡು ತಿಂಗಳಿಗೆ ಒಂದು ಸಂಜೆ ಕರೆಂಟು ಜಿಗಿದು ಆ ಪೆಟ್ಟಿಗೆ ಸುಟ್ಟಿತು. ಶಂಶುನ್ನೀಸಾ ಸುಟ್ಟ ವಾಸನೆಗೆ ಹೆದರಿ ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟಳು. ಗೋಡೆಗೆ ಚುಚ್ಚಿದ್ದ ಅಡಾಪ್ಟರ್ ಮಾತ್ರ ಉಳಿಯಿತು. ಅದರ ಬೆನ್ನಿಗೆ ಅಂಟಿಸಿದ ಕಾಗದದಲ್ಲಿ ಸಾಹೇಬರ ಅಕ್ಷರದಲ್ಲಿ ಪಾಸ್‌ವರ್ಡ್ ಇತ್ತು. ಹೆಸರು ಇರಲಿಲ್ಲ. ಅಂದಿನಿಂದ ಬೋರ್ಡು ಸಮಯ ಹೇಳುವವರಿಲ್ಲದೆ ತನ್ನ ಪಾಡಿಗೆ ತಾನು ಓಡುತ್ತ, ಈಗ ಎಂಟು ನಿಮಿಷ ಮುಂದೆ ಹೋಗಿತ್ತು.

ಶುಕ್ರವಾರ ಮಸೀದಿಯ ಕಮಿಟಿಯ ತೌಹೀದ್ ಸಾಹೇಬರು ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದರು. "ಲತೀಫ್ ಭಾಯಿ ನನ್ನ ಜೊತೆಗಾರ, ಬೇಟಿ. ನಾನು ಇಷ್ಟಪಟ್ಟು ಬೋರ್ಡ್ ಇಳಿಸ್ತೀನಾ? ಮಂಗಳವಾರ ಚಂದ್ರ ಕಂಡ್ರೆ ಬುಧವಾರದಿಂದ ರಂಜಾನ್ ರೋಜಾ. ಅಂಗಡಿ ಹುಡುಗ್ರು ಈ ಬೋರ್ಡ್ ನೋಡ್ಕೊಂಡು ಎಂಟು ನಿಮಿಷ ಮೊದಲೇ ಖರ್ಜೂರ ಬಾಯಿಗಿಟ್ರೆ? ಇಡೀ ದಿನದ ಉಪವಾಸ ಮಣ್ಣು. ಹೊಸ ಬೋರ್ಡ್ ಕೊಡ್ತೀನಿ ಅಂತ ಒಬ್ರು ಮುಂದೆ ಬಂದಿದ್ದಾರೆ. ಮಂಗಳವಾರ ಅಸರ್ ನಮಾಜ್ ಮುಗಿಸ್ಕೊಂಡು ಏಣಿ ತರ್ತೀನಿ."

ಅವರ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೆ ಶಂಶುನ್ನೀಸಾಳಿಗೆ ಅಂದಿನಿಂದ ಊಟ ಸೇರಲಿಲ್ಲ. ಸತ್ತವನು ಬಿಟ್ಟುಹೋದ ಬಾವಿಯೋ ನೆರಳಿನ ಮರವೋ ಜನಕ್ಕೆ ಒದಗುತ್ತಿರುವಷ್ಟು ಕಾಲ ಅದರ ಪುಣ್ಯ ಗೋರಿಯೊಳಗೂ ಅವನಿಗೆ ತಲುಪುತ್ತಿರುತ್ತದೆ ಎಂದು ನಂಬಿದವಳು ಅವಳು. ಸದಖಾ-ಎ-ಜಾರಿಯಾ, ನಿಲ್ಲದೆ ಹರಿಯುವ ದಾನ. ಲತೀಫ್ ಸಾಹೇಬರು ಬಾವಿ ತೋಡಿಸಿರಲಿಲ್ಲ, ಮರ ನೆಟ್ಟಿರಲಿಲ್ಲ. ಅವರದೆಂದು ಇದ್ದದ್ದು ಈ ಬೋರ್ಡು ಒಂದೇ. ಅದು ಇಳಿದರೆ ಹರಿಯುವುದು ನಿಲ್ಲುತ್ತದೆ. ಇಳಿಯದೆ ಹೀಗೇ ತಪ್ಪು ತೋರಿಸಿದರೆ ಜನರ ಮುರಿದ ಉಪವಾಸವೂ ಅವರಿಗೇ ತಲುಪುತ್ತದೆ. ಪೆಟ್ಟಿಗೆಯನ್ನು ಗುಜರಿಗೆ ಹಾಕಿದವಳು ತಾನು.

ರುಕ್ಸಾರ್ ತನ್ನ ಫೋನಿನ ಹಾಟ್‌ಸ್ಪಾಟಿಗೆ ಒಂದೊಂದೇ ಹೆಸರಿಟ್ಟು ನೋಡಿದ್ದಳು. ಮಸೀದಿಯ ಹೆಸರು, ಬಿಸ್ಮಿಲ್ಲಾ, ತಂದೆಯ ಹೆಸರು, ಗಲ್ಲಿಯ ಹೆಸರು. ತನ್ನ ಹೆಸರಂತೂ ಮೂರು ಬಗೆಯ ಅಕ್ಷರಗಳಲ್ಲಿ. ಒಬ್ಬಳೇ ಮಗಳು, ಬೇರೆ ಯಾರದ್ದಿರಲು ಸಾಧ್ಯ? ಬೋರ್ಡು ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಅವಳಿಗೆ ತಂದೆ ಹೇಳಿದ್ದೊಂದು ನೆನಪಾಯಿತು. ಹೆಸರು ಮುಚ್ಚಿದ ವೈಫೈಯನ್ನು ಹುಡುಕುವ ಯಂತ್ರ ಸುಮ್ಮನೆ ಕೂತು ಕಾಯುವ ಹಾಗಿಲ್ಲ. ಕತ್ತಲಲ್ಲಿ ಮನುಷ್ಯರು ಕರೆಯುವಂತೆ, ಹೆಸರು ಹಿಡಿದು ಕೂಗಬೇಕು. ಹಾಗಾದರೆ ಬೋರ್ಡು ಈಗಲೂ ಕೂಗುತ್ತಿರಬೇಕು. ಕೇಳಿಸಿಕೊಂಡರೆ ಸಾಕು.

"ಅದಕ್ಕ ಇಷ್ಟೆಲ್ಲ ಯಾಕ? ಆ ವಿಂಡೋಸ್ ಕೇಳಿಸ್ಕೊಳ್ಳಂಗಿಲ್ಲೇನು?" ಎಂದ ಭೀಮಾಶಂಕರ.

"ವಿಂಡೋಸು ತನಗೆ ಬಂದ ಮಾತು ಮಾತ್ರ ಕೇಳಿಸ್ಕೊಳ್ಳತ್ತೆ, ಭೀಮಣ್ಣ. ಬೇರೆಯವರ ಕೂಗು ಕಿವಿಗೆ ಹಾಕ್ಕೊಳ್ಳಲ್ಲ. ಲಿನಕ್ಸ್ ಆದ್ರೆ ಎಲ್ಲಾನೂ ಕೇಳತ್ತೆ."

"ಮತ್ತ ಬರೇ ಲಿನಕ್ಸ್ ಹಾಕಿಬಿಡು."

"ಆಗಲ್ಲ. ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಇದು. ಯಾವುದೋ ಕಂಪನಿಯವರು ಒಳಗೆ ಬೀಗ ಹಾಕಿ ಮಾರಿದ್ದಾರೆ, ಕೀ ಯಾರ ಹತ್ರಾನೂ ಇಲ್ಲ. ನನ್ನ ಟ್ಯಾಲಿ ಲೆಕ್ಕದ ಕ್ಲಾಸಿಗೂ ವಿಂಡೋಸ್ ಬೇಕು. ಅದಕ್ಕೇ ವಿಂಡೋಸ್ ಒಳಗೇ ಲಿನಕ್ಸ್ ಇಟ್ಕೊಂಡಿದೀನಿ. ನೀವು ನಮ್ಮ ಮನೆ ಮೇಲೆ ಇರೋ ಹಾಗೆ."

"ಬಾಡಿಗಿಗೆ," ಎಂದು ಭೀಮಾಶಂಕರ ತಿಳಿದವನಂತೆ ತಲೆದೂಗಿದ. "ಅಂದ್ರ ಗ್ವಾಡಿಗೆ ಮೊಳಿ ಹೊಡೀಬೇಕಂದ್ರ ಮಾಲಕನ್ನ ಕೇಳಬೇಕು."

"ಹೂಂ. ಗೋಡೇಲೇ ಕೂರಿಸಿರೋ ಸಾಮಾನಂತೂ ಬಾಡಿಗೆಯವರಿಗೆ ಸಿಗೋದೇ ಇಲ್ಲ. ಹೀಗೆ ಹೊರಗಿಂದ ಚುಚ್ಚಿದ ಡಾಂಗಲ್ ಆದ್ರೆ ಮಾಲೀಕ ಕೈಬಿಟ್ರೆ ಮೇಲಕ್ಕೆ ದಾಟಿಸಬಹುದು."

ಮಾಲೀಕ ಕೈಬಿಟ್ಟಿದ್ದ. ಆದರೆ ಬಾಡಿಗೆಯವನಿಗೆ ಡಾಂಗಲ್‌ನ ಪರಿಚಯವೇ ಇರಲಿಲ್ಲ. ಈ ಒಳಗಿನ ಲಿನಕ್ಸನ್ನು ಕಟ್ಟಿದವರು ಅದಕ್ಕೆ ವೈಫೈ ಬೇಕಾದೀತೆಂದು ಎಣಿಸಿರಲಿಲ್ಲ. ಆ ಭಾಷೆಯನ್ನೇ ಕಲಿಸಿರಲಿಲ್ಲ. ಅದರ ತಿರುಳನ್ನು ಹೊಸದಾಗಿ ಕಟ್ಟಬೇಕಿತ್ತು. ಭೀಮಾಶಂಕರನ ಫೋನಿನಿಂದ ಸರಕು ಇಳಿಸಿಕೊಂಡು ರುಕ್ಸಾರ್ ಕಟ್ಟಲು ಹಚ್ಚಿದಳು. ಲ್ಯಾಪ್‌ಟಾಪು ಒಲೆಯಂತೆ ಕಾಯ್ದು ಭುಸುಗುಟ್ಟಿತು. ಸಾವಿರಾರು ಸಾಲುಗಳು ಇರುವೆಗಳ ಹಾಗೆ ಪರದೆಯ ಮೇಲೇರಿ ಹೋಗುತ್ತಿದ್ದವು. ಶಂಶುನ್ನೀಸಾ ಅದರ ಪಕ್ಕದಲ್ಲೊಂದು ಚೊಂಬು ನೀರಿಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ. ಮೊದಲ ಸಲ ಏನೋ ಬಿಟ್ಟುಹೋಗಿ ಎಲ್ಲ ವ್ಯರ್ಥವಾಯಿತು. ಸೋಮವಾರ ತಿಪ್ಪಸಂದ್ರದ ಟ್ಯಾಲಿ ತರಗತಿ ಮುಗಿಸಿ ಬಂದು ಮತ್ತೆ ಕಟ್ಟಿದಳು. ಸಂಜೆ ಡಾಂಗಲನ್ನು ಮತ್ತೊಮ್ಮೆ ಮೇಲಕ್ಕೆ ದಾಟಿಸಿದಾಗ ನೀಲಿ ದೀಪ ಆರಿತು, ಮತ್ತೆ ಹತ್ತಿತು.

ಮಂಗಳವಾರ ರುಕ್ಸಾರ್ ರಜೆ ಹಾಕಿದಳು. ಬೆಳಿಗ್ಗೆಯೇ ಮಹಡಿಗೆ ಲ್ಯಾಪ್‌ಟಾಪ್ ತಂದು, ಡಾಂಗಲ್‌ಗೆ ಸುಮ್ಮನೆ ಕೇಳಿಸಿಕೊಳ್ಳುವ ಕೆಲಸ ಕೊಟ್ಟಳು. ಪರದೆಯ ಮೇಲೆ ಹೆಸರುಗಳು ಬರತೊಡಗಿದವು. ಗಲ್ಲಿಯಲ್ಲಿ ಓಡಾಡುವವರ ಜೇಬುಗಳಲ್ಲಿದ್ದ ಹಳೆಯ ಫೋನುಗಳು, ತಾವು ಹಿಂದೊಮ್ಮೆ ಸೇರಿದ್ದ ವೈಫೈಗಳನ್ನು ಹೆಸರು ಹಿಡಿದು ಹುಡುಕುತ್ತಿದ್ದವು. ಯಾವುದೋ ಲಾಡ್ಜು, ಯಾವುದೋ ಆಸ್ಪತ್ರೆ, ಯಾರದೋ ಮನೆ. ಕೆಳಗೆ ತಳ್ಳುಗಾಡಿಯ ಸದ್ದು, ಆಟೋದ ಹಾರ್ನು. ಅವುಗಳ ನಡುವೆ ಮೂಕವಾಗಿ ಇಷ್ಟೊಂದು ಕರೆಗಳು. ರುಕ್ಸಾರ್ ಇಷ್ಟು ವರ್ಷ ಇದೇ ಗಾಳಿಯಲ್ಲಿ ಬಟ್ಟೆ ಒಣಹಾಕಿದ್ದಳು.

"ಇದೇನು ಬಂತು?" ಬಗ್ಗಿ ನೋಡುತ್ತಿದ್ದ ಭೀಮಾಶಂಕರ ಒಂದು ಸಾಲಿಗೆ ಬೆರಳಿಟ್ಟ. ಮಧ್ಯಾಹ್ನದ ಪಾಳಿಯ ಕೆಲಸಕ್ಕೆ ಹೊರಟವನು ನಿಂತುಬಿಟ್ಟಿದ್ದ.

"ಅಮೃತಪ್ಪ ಕಿರಾಣಿ, ಅಂತ."

ಭೀಮಾಶಂಕರ ಜೇಬಿನಿಂದ ಫೋನ್ ತೆಗೆದು ಅದನ್ನೇ ನೋಡಿದ. "ನಮ್ಮೂರ ಅಂಗಡಿ ಅದು. ಮುಚ್ಚಿ ಎರಡು ವರ್ಷ ಆತು. ಅಮೃತಪ್ಪನೂ ಹೋದ. ಇದು ನನ್ನ ಕಿಸೆದಾಗ ಕುಂತು ಇನ್ನೂ ಅವನ್ನ ಕರೀಲಾಕತ್ತದೇನು?"

"ಅದಕ್ಕೆ ಗೊತ್ತಿಲ್ಲವಲ್ಲ, ಭೀಮಣ್ಣ."

"ಬೇರೆಯವರ ಮಾತು ಕದ್ದು ಕೇಳೋದು ನಕ್ಕೋ ಬೇಟಾ," ಎಂದಳು ಶಂಶುನ್ನೀಸಾ, ಮೊರದಿಂದ ಕಣ್ಣೆತ್ತದೆ.

"ಮಾತಲ್ಲ ಅಮ್ಮೀ, ಹೆಸರು ಅಷ್ಟೇ."

"ಹೆಸರೇನು ಸಣ್ಣದಾ?"

ಹನ್ನೊಂದು ಗಂಟೆಯಾಯಿತು. ಬೋರ್ಡಿನದೆನ್ನಬಹುದಾದ ಕೂಗು ಒಂದೂ ಬರಲಿಲ್ಲ. ಏಣಿಯ ಮಾತು ಎಲ್ಲರ ಮನಸ್ಸಿನಲ್ಲಿತ್ತು. ಭೀಮಾಶಂಕರ ಮೆಟ್ಟಿಲಿಳಿಯುತ್ತ ಅರ್ಧದಲ್ಲಿ ನಿಂತು ತಿರುಗಿದ. "ತಂಗಿ, ಬೋರ್ಡ್ ಕೂಡ್ರಿಸೋ ಮುಂದ ಏಣಿ ಹಿಡ್ದಾಂವ ನಾನಾ. ಸಾಹೇಬ್ರು ಮ್ಯಾಲ ನಿಂತು ಒಂದು ಮಾತಂದ್ರು. 'ಇದಕ್ಕೂ ನನ್ನಂಗ ದಿನಕ್ಕ ಐದೇ ಹೊತ್ತಿನ ಕೆಲಸ ನೋಡು ಭೀಮಾ, ಉಳಿದ ಹೊತ್ತು ಸುಮ್ಕ ಇರತದ' ಅಂದ್ರು. ನಗಸಾಕ ಚ್ಯಾಷ್ಟಿ ಮಾಡ್ಯಾರ ಅಂದ್ಕೊಂಡಿದ್ದೆ."

ರುಕ್ಸಾರ್ ಎದ್ದು ನಿಂತಳು. ಐದು ಹೊತ್ತು! ನಮಾಜಿನ ಹೊತ್ತಿಗಷ್ಟೇ ಅದು ಸಮಯ ಕೇಳುತ್ತದೆ. ಹಾಗಾದರೆ ತಾನು ಹಾಟ್‌ಸ್ಪಾಟಿಗೆ ಇಟ್ಟು, ಹತ್ತು ಹತ್ತು ನಿಮಿಷ ಕಾದು ಬಿಟ್ಟುಬಿಟ್ಟ ಹೆಸರುಗಳಲ್ಲೇ ಒಂದು ಸರಿಯಿದ್ದಿರಬಹುದೇ?

ಕಾದುಹೋಗಿದ್ದ ಲ್ಯಾಪ್‌ಟಾಪನ್ನು ಅಲ್ಲಿಯ ತನಕ ಆರಿಸಿಟ್ಟು, ಮಧ್ಯಾಹ್ನದ ಜೊಹರ್ ಆಜಾನ್ ಶುರುವಾಗುತ್ತಿದ್ದಂತೆ ಮತ್ತೆ ಹಚ್ಚಿ ಪರದೆಗೆ ಕಣ್ಣು ನೆಟ್ಟು ಕೂತಳು. ಆಜಾನ್ ಮುಗಿಯಿತು. ಲಾಡ್ಜು ಬಂತು, ಆಸ್ಪತ್ರೆ ಬಂತು. ಬೋರ್ಡು ಬರಲಿಲ್ಲ.

ಅವಳು ಮೊಣಕಾಲಿಗೆ ತಲೆಯಿಟ್ಟು ಕೂತದ್ದನ್ನು ಶಂಶುನ್ನೀಸಾ ನೋಡಿದಳು. ಬೋರ್ಡನ್ನು ನೋಡಿದಳು. ಜೊಹರ್‌ನ ಹಸಿರು ಸಾಲು ಆಜಾನಿಗಿಂತ ಮುಂಚೆಯೇ ಹತ್ತಿದ್ದು ಅವಳಿಗೆ ಕಂಡಿತ್ತು.

"ನೀನು ಯಾರ ಗಡಿಯಾರ ನೋಡ್ಕೊಂಡು ಕೂತಿದ್ದೆ?"

"ಮಸೀದೀದು. ಆಜಾನ್ ಕೇಳ್ಕೊಂಡು."

"ನಿಮ್ಮಪ್ಪ ತಮ್ಮ ಕೈಗಡಿಯಾರ ಬಿಟ್ಟು ಇನ್ನೊಬ್ಬರದ್ದು ಯಾವತ್ತಾದ್ರೂ ನಂಬಿದ್ರಾ? ಅವರು ಮಾಡಿದ್ದು ಹೇಗೆ ನಂಬತ್ತೆ? ಅದು ಅದರ ಟೈಮಿಗೇ ಕೂಗಿ ಸುಮ್ಮನಾಗಿರತ್ತೆ."

ರುಕ್ಸಾರ್ ತಾಯಿಯನ್ನು ಮೊದಲ ಸಲ ನೋಡುವಂತೆ ನೋಡಿದಳು. ನಿಜ. ಜಗತ್ತಿಗಿಂತ ಎಂಟು ನಿಮಿಷ ಮುಂದೆ ಬದುಕುತ್ತಿರುವುದರ ಕೂಗನ್ನು ಜಗತ್ತಿನ ವೇಳೆಗೆ ಕಾದರೆ ಅದು ಹೇಗೆ ಕೇಳೀತು?

ಇಳಿಹಗಲಿನ ಅಸರ್‌ನ ಹೊತ್ತಿಗೆ ಇಬ್ಬರೂ ಬೋರ್ಡನ್ನೇ ನೋಡುತ್ತ ಕೂತರು. ಗಲ್ಲಿಯಲ್ಲಿ ಇನ್ನೂ ಆಜಾನಿನ ಸುಳಿವಿರಲಿಲ್ಲ. ಬೋರ್ಡಿನ ಅಂಕಿ ಹೊರಳಿತು. ಅಸರ್ ಸಾಲು ಹಸಿರಾಯಿತು. ಅದೇ ಗಳಿಗೆಗೆ ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು. ಒಮ್ಮೆ, ಎರಡು ಬಾರಿ, ಹತ್ತು ಬಾರಿ, ಅದೇ ಹೆಸರು. ಆಮೇಲೆ ನಿಂತಿತು.

ರುಕ್ಸಾರ್ ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಂತಾ?" ಎಂದಳು ಶಂಶುನ್ನೀಸಾ. ಇಂಗ್ಲಿಷ್ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. "ಯಾರ ಹೆಸರು? ನಿಂದೇನಾ?"

"ನಂದಲ್ಲ."

"ಮತ್ತೆ? ಓದು."

ಮಗಳು ಎಂದೂ ಬಾಯಲ್ಲಿ ಆಡದ ಹೆಸರು ಅದು. ಗಂಡನೂ ಆಡಿರಲಿಲ್ಲ. ಮದುವೆಯಾದ ಹೊಸತರಲ್ಲಿ "ಏಜೀ" ಎನ್ನುತ್ತಿದ್ದರು. ಮಗಳು ಹುಟ್ಟಿದ ಮೇಲೆ "ರುಕ್ಸಾರ್ ಕೀ ಅಮ್ಮಾ". ಮನೆತನದ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವ ಪದ್ಧತಿಯೇ ಇರಲಿಲ್ಲ. ಲತೀಫ್ ಸಾಹೇಬರು ರೇಷನ್ ಅಂಗಡಿಯಲ್ಲಿ ಕೂಡ ಕಾರ್ಡನ್ನು ಮುಂದೆ ತಳ್ಳಿ "ಇವರದ್ದು" ಎನ್ನುತ್ತಿದ್ದರಂತೆ.

"ಶಂಶು," ಎಂದು ರುಕ್ಸಾರ್ ಓದಿದಳು. "ಅಷ್ಟೇ ಅಮ್ಮೀ. ಇಂಗ್ಲಿಷಲ್ಲಿ ಏಳು ಅಕ್ಷರ."

ಅಕ್ಕಿಯೊಳಗಿನ ಬೆರಳುಗಳು ನಿಂತವು. ತವರಿನಲ್ಲಿ ತಾಯಿ ಕರೆಯುತ್ತಿದ್ದ ಹೆಸರು. ತಾಯಿ ತೀರಿದ ಮೇಲೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ.

"ಅವರಿಗೆ ಆ ಹೆಸರು ಗೊತ್ತಿತ್ತಾ?" ಎಂದಳು.

ಎಂಟು ನಿಮಿಷಕ್ಕೆ ಆಜಾನ್ ಶುರುವಾಯಿತು. ಇಬ್ಬರೂ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡರು. ಅದು ಮುಗಿದ ಮೇಲೆ ಶಂಶುನ್ನೀಸಾ ಮತ್ತೆ ಕೇಳಿದಳು.

"ದಿನಕ್ಕೆ ಐದು ಹೊತ್ತೂ ಇದೇನಾ?"

"ಹೂಂ."

"ನಾಲ್ಕು ವರ್ಷದಿಂದ?"

"ಮೊದಲು ಪೆಟ್ಟಿಗೆ ಇತ್ತಲ್ಲ, ಕರೆದ ತಕ್ಷಣ ಓಗೊಡ್ತಿತ್ತು. ಈಗ ಯಾರೂ ಓಗೊಡಲ್ಲ. ಅದಕ್ಕೇ ಹತ್ತು ಹತ್ತು ಸಲ ಕರೆಯತ್ತೆ."

ಶಂಶುನ್ನೀಸಾ ಮೊರವನ್ನು ಪಕ್ಕಕ್ಕಿಟ್ಟಳು.

ಅಸರ್ ಮುಗಿಸಿಕೊಂಡು ತೌಹೀದ್ ಸಾಹೇಬರು ಏಣಿಯೊಂದಿಗೆ ಬಂದೇ ಬಿಟ್ಟರು. ರುಕ್ಸಾರ್ ಚಪ್ಪಲಿ ಮೆಟ್ಟದೆ ಕೆಳಗೋಡಿದಳು. "ಚಾಚಾ, ಸಂಜೆ ಮಗ್ರಿಬ್ ತನಕ ಬಿಡಿ. ಒಂದೇ ಒಂದು ಹೊತ್ತು. ಸರಿ ಹೋಗ್ಲಿಲ್ಲ ಅಂದ್ರೆ ನಾನೇ ಏಣಿ ಹಿಡೀತೀನಿ."

ಅವರು ಗಡ್ಡ ನೀವಿಕೊಂಡರು. "ಮಗ್ರಿಬ್‌ಗೆ ಇಡೀ ಗಲ್ಲಿ ಚಾಂದ್ ನೋಡೋಕೆ ಮಹಡಿ ಮೇಲಿರತ್ತೆ. ಎಲ್ಲರ ಮುಂದೆ ಇಳಿಸಿದ್ರೆ ನಿಮ್ಮಮ್ಮಂಗೆ ಚೆನ್ನಾಗಿರತ್ತಾ?" ಎಂದರು. ಆದರೂ ಎದುರಿನ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಏಣಿಯನ್ನು ಗೋಡೆಗೆ ಒರಗಿಸಿ ಕೂತರು. "ಹೋಗು. ಕೂತಿರ್ತೀನಿ."

ರುಕ್ಸಾರ್ ಮೇಲೆ ಬಂದು ತನ್ನ ಫೋನಿನ ಹಾಟ್‌ಸ್ಪಾಟಿಗೆ ಆ ಹೆಸರಿಟ್ಟಳು, ಅಡಾಪ್ಟರ್ ಬೆನ್ನಿನ ಪಾಸ್‌ವರ್ಡ್ ಹಾಕಿದಳು, ಫೋನನ್ನು ಕಟ್ಟೆಯ ಮೇಲೆ ಬೋರ್ಡಿನತ್ತ ಒರಗಿಸಿಟ್ಟಳು. ಕೆಲಸವನ್ನು ಅರ್ಧಕ್ಕೇ ಬಿಟ್ಟು ಬಂದ ಭೀಮಾಶಂಕರ ತನ್ನ ಫೋನ್ ತೆಗೆದು, "ಹಾಂ, ಇಲ್ಲಿ ಕಾಣಾಕತ್ತದ ನೋಡು. ಖಾಲಾ, ನಿಮ್ಮ ಹೆಸರು!" ಎಂದ.

ಶಂಶುನ್ನೀಸಾ ಗಾಬರಿಯಾದಳು. "ಗಲ್ಲಿಯವರಿಗೆಲ್ಲ ಕಾಣತ್ತಾ?"

"ಕಾಣತ್ತೆ ಅಮ್ಮೀ."

"ಮುಚ್ಚು. ಮೊದಲು ಮುಚ್ಚು."

ರುಕ್ಸಾರ್ ಹೆಸರು ಮುಚ್ಚುವ ಗುರುತನ್ನು ಒತ್ತಿದಳು. ಭೀಮಾಶಂಕರನ ಫೋನಿನಿಂದ ಅದು ಮಾಯವಾಯಿತು. ಗಲ್ಲಿಯ ಹುಡುಗರು ಬಿಟ್ಟಿ ವೈಫೈಗೆ ಮೆಟ್ಟಿಲ ಕೆಳಗೆ ಕೂರಬಾರದೆಂದು ಅಪ್ಪ ಹೀಗೆ ಮಾಡಿದ್ದರೆಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು.

ಸೂರ್ಯ ಇಳಿಯುತ್ತ ಬಂದಂತೆ ಮಹಡಿಗಳು ತುಂಬಿದವು. ಪರ್ವೀನ್ ಆಪಾ ಮೊಮ್ಮಕ್ಕಳನ್ನು ಕರೆದುಕೊಂಡು ಪಕ್ಕದ ಮಹಡಿ ಹತ್ತಿದ್ದಳು. ಅದರಾಚೆ ಟೋಪಿ ಹಾಕಿದ ತಲೆಗಳ ಸಾಲು. ಎಲ್ಲರ ಮುಖವೂ ಪಡುವಣಕ್ಕೆ, ಹಂಚಿನ ಮಾಡುಗಳ, ನೀರಿನ ಟ್ಯಾಂಕುಗಳ ಆಚೆ ಕೆಂಪಾಗುತ್ತಿದ್ದ ಬಾನಿನ ಕಡೆಗೆ. ಶಂಶುನ್ನೀಸಾ ಒಬ್ಬಳು ಅವರಿಗೆ ಬೆನ್ನು ಮಾಡಿ, ಮೂಡಣದ ಗೋಡೆಯನ್ನು ನೋಡುತ್ತ ನಿಂತಿದ್ದಳು.

ಬೋರ್ಡು ಆರು ಇಪ್ಪತ್ನಾಲ್ಕು ತೋರಿಸಿತು. ಮಗ್ರಿಬ್‌ನ ಸಾಲು ಹಸಿರಾಯಿತು. ಕೆಳಗೆ ಕೂತಿದ್ದ ತೌಹೀದ್ ಸಾಹೇಬರು ಕೈಗಡಿಯಾರ ನೋಡಿಕೊಂಡು ತಲೆಯಾಡಿಸಿದರು. ಕಟ್ಟೆಯ ಮೇಲಿನ ಫೋನು ಒಮ್ಮೆ ನಡುಗಿತು.

ಅಂಕಿಗಳು ಕ್ಷಣಕಾಲ ಆರಿ, ಮತ್ತೆ ಹತ್ತಿದವು. ಆರು ಹದಿನಾರು. ಹಸಿರು ಹೋಗಿತ್ತು.

ಮಹಡಿಗಳ ಮೇಲಿದ್ದ ಯಾರೂ ಅದನ್ನು ನೋಡಲಿಲ್ಲ. ತೌಹೀದ್ ಸಾಹೇಬರು ಕೈಗಡಿಯಾರ ನೋಡಿದರು, ಬೋರ್ಡು ನೋಡಿದರು, ಮತ್ತೆ ಕೈಗಡಿಯಾರ. ಆಮೇಲೆ ಎದ್ದು, ಏಣಿಯನ್ನು ಹೆಗಲಿಗೇರಿಸಿಕೊಂಡು, ಮೇಲೆ ನೋಡದೆ ಗಲ್ಲಿಯ ತಿರುವಿನತ್ತ ನಡೆದರು.

"ರುಕ್ಸಾರ್," ಎಂದಳು ಶಂಶುನ್ನೀಸಾ ಮೆಲ್ಲಗೆ. "ಈಗ ಟೈಮು ಹಿಂದೆ ಬಂತಲ್ಲ. ಮಗ್ರಿಬ್ ಹೊತ್ತಿಗೆ ಇನ್ನೊಂದು ಸಲ ಕರೆಯತ್ತಾ?"

"ಕರೆಯತ್ತೆ ಅಮ್ಮೀ. ಎಂಟು ನಿಮಿಷಕ್ಕೆ."

ಶಂಶುನ್ನೀಸಾ ಮೂಲೆಯಲ್ಲಿದ್ದ ಮಣೆಯನ್ನು ತಂದು ಕಟ್ಟೆಯ ಪಕ್ಕ ಇಟ್ಟಳು. ದುಪಟ್ಟಾವನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಳು. ಹಿಂದಿನ ಮಹಡಿಯಲ್ಲಿ ಯಾರೋ ಮಗು ಆಕಾಶಕ್ಕೆ ಬೆರಳು ತೋರಿಸಿ ಕೂಗಿತು. ಅವಳು ತಿರುಗಲಿಲ್ಲ.